ಕೇರಿಯ ಕಣ್ಣಿಗೂ ಮೂರು ನಿಮಿಷ ಕೊಡಿ



ಸ್ವಲ್ಪ ಉದ್ದದ ಪೋಸ್ಟು ಇದು. ಮನೆಯಲ್ಲಿ ಅರವತ್ತು ದಾಟಿದ ಅವ್ವನೋ ಅಪ್ಪನೋ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಮೂರು ತಿಂಗಳ ಹಿಂದೆ ನಾನು ಒಬ್ಬ ಕಣ್ಣಿನ ಡಾಕ್ಟರ ಮೇಲೆ ಕೂಗಾಡಿಬಿಟ್ಟೆ. ಸರ್ಕಾರಿ ಆಸ್ಪತ್ರೆ, ಸುತ್ತಲೂ ಸಾಲು ಹಿಡಿದು ನಿಂತ ಜನ. ಅವ್ವನ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷ ಆಗಿತ್ತು. ಅಂದು ಆಪರೇಷನ್ ಅಂತ ತಾರೀಕು ಕೊಟ್ಟಿದ್ದರು. ಆಫೀಸಿಗೆ ಎರಡು ದಿನ ರಜೆ ಹಾಕಿ, ಬೆಳಗಿನ ಮೊದಲ ಬಸ್ಸಿಗೆ ಅವ್ವನನ್ನು ಕರಕೊಂಡು ಹೋಗಿದ್ದೆ. ಡಾಕ್ಟರು ಅವ್ವನ ಕಣ್ಣು ಮೂಗಿಗೆ ಸೇರುವ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಒಂದು ಹನಿ ಕೀವು ಈಚೆ ಬಂತು. "ಇವತ್ತು ಆಪರೇಷನ್ ಮಾಡೋಕಾಗಲ್ಲ" ಅಂದುಬಿಟ್ಟರು.

ನನಗೆ ಎಲ್ಲಿತ್ತೋ ಸಿಟ್ಟು. "ಯಾಕ್ ಸಾರ್, ನಮ್ಮಂಥೋರು ಅಂತ ವಾಪಸ್ ಕಳಿಸ್ತಿದ್ದೀರಾ? ದುಡ್ಡಿರೋರು ಬಂದಿದ್ರೆ ಹಿಂಗೇ ಕಳಿಸ್ತಿದ್ರಾ?" ಅಂತ ಜೋರು ಮಾಡಿದೆ. ಅವ್ವ ನನ್ನ ಶರ್ಟಿನ ತೋಳು ಎಳೆದು "ಸುಮ್ಕಿರು ಮಗ" ಅಂತಿದ್ದರು.

ಆ ಡಾಕ್ಟರು ತಿರುಗಿ ಕೂಗಾಡಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. "ನೋಡಿ, ಇಲ್ಲಿ ಒಳಗೆ ಕಣ್ಣೀರು ಇಳಿಯೋ ಒಂದು ಚೀಲ ಇದೆ. ಅದರಲ್ಲಿ ಕೀವು ತುಂಬಿದೆ. ಇದನ್ನ ಹಿಂಗೇ ಇಟ್ಕೊಂಡು ನಾನು ಕಣ್ಣು ತೆರೆದ್ರೆ ಆ ಕೀವಿನ ಬ್ಯಾಕ್ಟೀರಿಯಾ ಕಣ್ಣೊಳಗೆ ಹೋಗುತ್ತೆ. ಈಗ ನಿಮ್ಮ ತಾಯಿಗೆ ಮಬ್ಬಾಗಿಯಾದ್ರೂ ಕಾಣ್ತಿದೆ. ಆಮೇಲೆ ಅದೂ ಕಾಣಲ್ಲ. ನನ್ನ ತಾಯಿ ಆಗಿದ್ರೂ ಇವತ್ತು ವಾಪಸ್ಸೇ ಕಳಿಸ್ತಿದ್ದೆ" ಅಂದರು.

ತಪ್ಪು ನನ್ನದಾಗಿತ್ತು. ಕೈಮುಗಿದು ಕ್ಷಮೆ ಕೇಳಿದೆ. ಆದರೆ ನನ್ನ ಸಿಟ್ಟು ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೊಂದು ಹಳೆಯ ಲೆಕ್ಕ ಇತ್ತು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಒಂದು ಉಚಿತ ಕಣ್ಣಿನ ಶಿಬಿರಕ್ಕೆ ಹೋದರು. ಕೇರಿಯಿಂದ, ಪಕ್ಕದ ಹಟ್ಟಿಗಳಿಂದ ಒಂದು ಬಸ್ಸು ತುಂಬ ಮುದುಕ ಮುದುಕಿಯರು. ಊಟ ಹಾಕಿದರು, ಕಂಬಳಿ ಕೊಟ್ಟರು, ಫೋಟೋ ತೆಗೆದರು, ಆಪರೇಷನ್ ಮಾಡಿ ಮಾರನೇ ದಿನ ಕಪ್ಪು ಕನ್ನಡಕ ಹಾಕಿ ತಂದು ಬಿಟ್ಟರು. ಎರಡನೇ ರಾತ್ರಿಯಿಂದ ದೊಡ್ಡವ್ವ ಕಣ್ಣು ಹಿಡಕೊಂಡು ನರಳೋಕೆ ಶುರು ಮಾಡಿದರು. "ಆಪರೇಷನ್ ಆದಮೇಲೆ ನೋವು ಇದ್ದದ್ದೇ" ಅಂತ ಎಲ್ಲರೂ ಹೇಳಿದೆವು. ನಾನೂ ಹೇಳಿದೆ. ನಾಲ್ಕನೇ ದಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಣ್ಣೊಳಗೆಲ್ಲ ಕೀವು. ಆ ಕಣ್ಣು ಹೋಯಿತು. ಅದೇ ಬಸ್ಸಿನಲ್ಲಿ ಹೋಗಿದ್ದ ಇನ್ನಿಬ್ಬರ ಕಣ್ಣೂ ಹೋಯಿತು.

ಕೇಳೋಕೆ ಹೋದಾಗ ಶಿಬಿರದವರು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ: "ನಾವು ಎಲ್ಲಾ ಸರಿಯಾಗೇ ಮಾಡಿದ್ದೀವಿ. ನಿಮ್ಮ ಕಡೆ ಜನ ಕ್ಲೀನಾಗಿರಲ್ಲ. ಕೊಳೆ ನೀರಲ್ಲಿ ಮುಖ ತೊಳೆದಿರ್ತಾರೆ."

ನಿಮ್ಮ ಕಡೆ ಜನ! ಆ ಮೂರು ಪದದಲ್ಲಿ ಮೂರು ಕಣ್ಣಿನ ಫೈಲು ಕ್ಲೋಸ್.

ಆವತ್ತು ಅದಕ್ಕೆ ಎದುರು ಮಾತಾಡೋಕೆ ನನ್ನ ಹತ್ತಿರ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಅವ್ವನ ನೆಪದಲ್ಲಿ ಎರಡು ತಿಂಗಳು ಓದಿದೆ, ಆ ಡಾಕ್ಟರನ್ನೂ ಅಲ್ಲಿನ ಸಿಸ್ಟರನ್ನೂ ಕೇಳಿ ತಿಳಕೊಂಡೆ. ಈಗ ನನ್ನ ಹತ್ತಿರ ಉತ್ತರ ಇದೆ. ಅದನ್ನೇ ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲನೇ ಮಾತು. ಆಪರೇಷನ್ ಆದ ಕಣ್ಣೊಳಗೆ ಬ್ಯಾಕ್ಟೀರಿಯಾ ಹೊಕ್ಕು ಬರುವ ಈ ಕಾಯಿಲೆಗೆ ಎಂಡೋಫ್ಥಾಲ್ಮೈಟಿಸ್ ಅಂತಾರೆ. ಆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತೆ? ಒಂಟಿ ಒಂಟಿಯಾಗಿ ಆಗುವ ಕೇಸುಗಳಲ್ಲಿ ಹೆಚ್ಚಾಗಿ ಬರೋದು ರೋಗಿಯ ಸ್ವಂತ ರೆಪ್ಪೆ, ರೆಪ್ಪೆಗೂದಲು ಮತ್ತು ಕಣ್ಣಿನ ಮೇಲ್ಪದರದಿಂದಲೇ. 1991ರಲ್ಲಿ ಅಮೆರಿಕದ ಸ್ಪೀಕರ್ ಎಂಬ ವೈದ್ಯರ ತಂಡ ಇಂಥ 17 ರೋಗಿಗಳ ಕಣ್ಣೊಳಗಿನ ಬ್ಯಾಕ್ಟೀರಿಯಾ ತೆಗೆದು, ಅವರದೇ ರೆಪ್ಪೆ, ಮೂಗಿನ ಬ್ಯಾಕ್ಟೀರಿಯಾ ಜೊತೆ ಹೋಲಿಸಿ ನೋಡಿತು. 14 ಜನರಲ್ಲಿ ಎರಡೂ ಒಂದೇ ಆಗಿತ್ತು.

"ಹಾಗಾದರೆ ಶಿಬಿರದವರು ಹೇಳಿದ್ದೇ ಸರಿಯಲ್ಲವಾ?" ಅಂತ ಯಾರಾದರೂ ಕೇಳಬಹುದು. ಸ್ವಲ್ಪ ತಡೀರಿ. ಈ ಬ್ಯಾಕ್ಟೀರಿಯಾ ಕೊಳಕು ಜನರ ರೆಪ್ಪೆ ಮೇಲೆ ಮಾತ್ರ ಇರೋದಲ್ಲ, ಎಲ್ಲರ ರೆಪ್ಪೆ ಮೇಲೂ ಇರುತ್ತೆ. ಮಂತ್ರಿಯ ರೆಪ್ಪೆ, ಮಠದ ಸ್ವಾಮಿಯ ರೆಪ್ಪೆ, ದಿನಕ್ಕೆ ಮೂರು ಸಲ ಸ್ನಾನ ಮಾಡುವವರ ರೆಪ್ಪೆ, ನನ್ನ ರೆಪ್ಪೆ, ಎಲ್ಲದರ ಮೇಲೂ ಅದು ಸುಖವಾಗಿ ವಾಸವಾಗಿದೆ. ಹೊರಗಿದ್ದಾಗ ಅದರಿಂದ ತೊಂದರೆ ಇಲ್ಲ. ಡಾಕ್ಟರು ಕಣ್ಣಿಗೆ ಗಾಯ ಮಾಡಿದಾಗ ಒಳಗೆ ನುಗ್ಗಿದರೆ ತೊಂದರೆ. ಸೋಪು ಹಾಕಿ ಮುಖ ತೊಳೆದ ಮಾತ್ರಕ್ಕೆ ಪೂರ್ತಿ ಹೋಗುವಂಥದ್ದೂ ಅಲ್ಲ. ಆದ್ದರಿಂದಲೇ ಅದನ್ನು ಕಡಿಮೆ ಮಾಡುವ ಕೊನೆಯ, ಮುಖ್ಯವಾದ ಕೆಲಸ ಆಪರೇಷನ್ ಟೇಬಲ್ ಮೇಲೆ ಆಗಬೇಕು. ಅದು ಡಾಕ್ಟರ ಕೆಲಸ.

ಎರಡನೇ ಮಾತು ಆ ಕೆಲಸದ ಬಗ್ಗೆ. ಇದಕ್ಕೆ ಕೋಟಿ ರೂಪಾಯಿಯ ಮಿಷನ್ ಬೇಡ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಔಷಧಿ ನೋಡಿದ್ದೀರಲ್ಲ, ಪೊವಿಡೋನ್ ಅಯೋಡಿನ್, ಅದೇ. ಕಣ್ಣಿನ ಸುತ್ತಲಿನ ಚರ್ಮ, ರೆಪ್ಪೆಗಳಿಗೆ ಶೇ 5ರಿಂದ 10ರ ದ್ರಾವಣ ಹಚ್ಚಬೇಕು. ಕಣ್ಣಿನೊಳಗೆ, ಅಂದರೆ ಗುಡ್ಡೆಯ ಮೇಲೆ ರೆಪ್ಪೆಯ ಕೆಳಗೆ, ಶೇ 5ರ ದ್ರಾವಣ ಬಿಟ್ಟು ಕಡೇಪಕ್ಷ ಮೂರು ನಿಮಿಷ ಕಾಯಬೇಕು. ಆಮೇಲೆ ತೊಳೆದು ಆಪರೇಷನ್ ಶುರು. ಅದೇ 1991ರಲ್ಲಿ ಸ್ಪೀಕರ್ ಮತ್ತು ಮೆನಿಕಾಫ್ ಪ್ರಕಟಿಸಿದ ಅಧ್ಯಯನದಲ್ಲಿ ಈ ಔಷಧಿ ಬಳಸಿದ ಕಡೆ ಸೋಂಕು ಹತ್ತು ಸಾವಿರಕ್ಕೆ 6, ಬೇರೆ ಔಷಧಿ ಬಳಸಿದ ಕಡೆ ಹತ್ತು ಸಾವಿರಕ್ಕೆ 24. ನಾಲ್ಕು ಪಟ್ಟು ವ್ಯತ್ಯಾಸ! ಆಮೇಲೆ ಇದು ಲೋಕದ ಬಹುಪಾಲು ಕಣ್ಣಾಸ್ಪತ್ರೆಗಳ ನಿಯಮವೇ ಆಯಿತು.

ಒಂದು ಎಚ್ಚರಿಕೆ: ಇದನ್ನು ಓದಿ ಯಾರೂ ಮೆಡಿಕಲ್ ಶಾಪಿನಿಂದ ಬಾಟಲಿ ತಂದು ಮನೆಯಲ್ಲಿ ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಅಂಗಡಿಯದು ಗಾಯಕ್ಕೆ, ಕೈ ತೊಳೆಯೋಕೆ ಇರುವಂಥದ್ದು. ಕೆಲವಕ್ಕೆ ಸೋಪಿನಂಥ ವಸ್ತು ಸೇರಿರುತ್ತೆ, ಕಣ್ಣು ಸುಟ್ಟುಹೋಗುತ್ತೆ. ಕಣ್ಣಿಗೆ ಅಂತ ತಯಾರಾದದ್ದೇ ಬೇರೆ. ಅದನ್ನು ಹಾಕಬೇಕಾದವರು ಆಸ್ಪತ್ರೆಯವರೇ.

ಈ ಮೂರು ನಿಮಿಷದ ವಿಷಯಕ್ಕೆ ನಾನು ಅಂಟಿಕೊಳ್ಳೋಕೆ ಕಾರಣ ಇದೆ. ಔಷಧಿ ಅಗ್ಗ, ಆದರೆ ಸಮಯ ಅಗ್ಗ ಅಲ್ಲ. ಒಂದು ದಿನಕ್ಕೆ ಐವತ್ತು, ಅರವತ್ತು ಆಪರೇಷನ್ ಮುಗಿಸಿ ಪೇಪರಿಗೆ ಫೋಟೋ ಕೊಡಬೇಕು ಅನ್ನುವ ಕಡೆ ಮೊದಲು ಕತ್ತರಿ ಬೀಳೋದು ಇಂಥ ಮೂರು ನಿಮಿಷಕ್ಕೇ. ಯಾರಿಗೂ ಕಾಣಲ್ಲ, ಯಾರೂ ಕೇಳಲ್ಲ. ಟೇಬಲ್ ಮೇಲೆ ಮಲಗಿದ ಮುದುಕಿಗೆ ಮುಖದ ಮೇಲೆ ಹಸಿರು ಬಟ್ಟೆ. ಅವಳಿಗೇನು ಗೊತ್ತಾಗುತ್ತೆ?

ಮೂರನೇ ಮಾತು ಬಹಳ ಮುಖ್ಯ. ಒಬ್ಬರಿಗೆ ಸೋಂಕಾದರೆ ಅದು ದುರಾದೃಷ್ಟವೂ ಆಗಿರಬಹುದು. ಒಳ್ಳೆಯ ಡಾಕ್ಟರ ಕೈಯಲ್ಲೂ ಎಲ್ಲೋ ಅಪರೂಪಕ್ಕೆ ಆಗುತ್ತೆ. ಆದರೆ ಒಂದೇ ದಿನ, ಒಂದೇ ಕಡೆ, ಸಾಲಾಗಿ ಹಲವರಿಗೆ ಆದರೆ ಅದಕ್ಕೆ ಅವರವರ ರೆಪ್ಪೆ ಕಾರಣ ಅಲ್ಲ. ಅವರೆಲ್ಲರ ಕಣ್ಣಿಗೂ ಮುಟ್ಟಿದ ಯಾವುದೋ ಒಂದು ವಸ್ತು ಕಾರಣ. ಸರಿಯಾಗಿ ಆಟೋಕ್ಲೇವ್ ಆಗದ ಉಪಕರಣ, ಕೆಟ್ಟ ಬ್ಯಾಚಿನ ದ್ರವ, ಥಿಯೇಟರಿನ ನೀರು, ಇಂಥದ್ದು.

ನೆನಪಿದೆಯಾ? 2014ರಲ್ಲಿ ಪಂಜಾಬಿನ ಗುರ್ದಾಸ್‌ಪುರ ಜಿಲ್ಲೆಯ ಘುಮಾನ್ ಶಿಬಿರ. 2015ರಲ್ಲಿ ಮಧ್ಯಪ್ರದೇಶದ ಬಡವಾನಿ. 2021ರ ನವೆಂಬರಿನಲ್ಲಿ ಬಿಹಾರದ ಮುಜಫ್ಫರ್‌ಪುರ, ಒಂದೇ ದಿನ ಅರವತ್ತಕ್ಕೂ ಹೆಚ್ಚು ಜನರಿಗೆ ಆಪರೇಷನ್, ಆಮೇಲೆ ಹಲವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು. ನಮ್ಮ ಬೆಂಗಳೂರಿನ ಮಿಂಟೋದಲ್ಲಿ 2019ರ ಜುಲೈನಲ್ಲಿ ಪೊರೆ ಆಪರೇಷನ್ ಮಾಡಿಸಿಕೊಂಡ ಹಲವರ ದೃಷ್ಟಿ ಹೋಯಿತು. ಆಪರೇಷನ್ ವೇಳೆ ಕಣ್ಣೊಳಗೆ ಬಳಸಿದ ದ್ರವದಲ್ಲೇ ದೋಷ ಇತ್ತು ಅಂತ ಆಸ್ಪತ್ರೆ ಕಡೆಯಿಂದ ಹೇಳಿದರು. ಅದೇ ವರ್ಷ ನವೆಂಬರಿನಲ್ಲಿ ಏನಾಯಿತು? ಹೋರಾಟಗಾರರಿಗೂ ಡಾಕ್ಟರುಗಳಿಗೂ ಜಗಳ, ಡಾಕ್ಟರುಗಳ ಮುಷ್ಕರ, ಟೀವಿ ತುಂಬಾ ಕನ್ನಡ ಮಾತಾಡಿದರಾ ಇಲ್ಲವಾ ಅನ್ನುವ ಚರ್ಚೆ. ಆ ಗಲಾಟೆಯಲ್ಲಿ ಕಣ್ಣು ಕಳಕೊಂಡವರ ಪ್ರಶ್ನೆ ಪಕ್ಕಕ್ಕೆ ಸರಿಯಿತು. ಆ ದ್ರವದ ಬಾಟಲಿಯನ್ನು ಬಳಸುವ ಮುಂಚೆ ಯಾರು ಪರೀಕ್ಷಿಸಬೇಕಿತ್ತು ಅನ್ನುವುದೇ ನಾವೆಲ್ಲ ಪಟ್ಟುಹಿಡಿದು ಕೇಳಬೇಕಿದ್ದ ಪ್ರಶ್ನೆ. ನಮ್ಮ ಹೋರಾಟಗಳಿಗೂ ಇದರಲ್ಲಿ ಪಾಠ ಇದೆ.

ನಮ್ಮ ದೊಡ್ಡವ್ವನ ಬಸ್ಸಿನಲ್ಲಿ ಮೂವರ ಕಣ್ಣು ಹೋಯಿತು. ಮೂರು ಬೇರೆ ಬೇರೆ ಹಟ್ಟಿ, ಮೂರು ಬೇರೆ ಬೇರೆ ಮನೆಯ ನೀರು. ಮೂವರಿಗೂ ಒಂದೇ ಆಗಿದ್ದದ್ದು ಆಪರೇಷನ್ ಆದ ಜಾಗ ಮತ್ತು ದಿನ. ಇಷ್ಟು ಸರಳ ಲೆಕ್ಕವನ್ನು ಆವತ್ತು ನಾನು ಮುಂದಿಡಲಿಲ್ಲ. ಈಗಲಾದರೂ ಇಡ್ತೀನಿ.

ಇನ್ನು ಕೆಲವರು ಹೇಳ್ತಾರೆ, "ಪುಕ್ಕಟೆ ಮಾಡುವಾಗ, ಅಷ್ಟೊಂದು ಜನಕ್ಕೆ ಮಾಡುವಾಗ ಇಂಥದ್ದೆಲ್ಲ ಆಗುತ್ತೆ." ಸುಳ್ಳು. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಶುರು ಮಾಡಿದ್ದು. ಬಡವರಿಗೆ ಉಚಿತವಾಗಿ, ಲಕ್ಷಗಟ್ಟಲೆ ಆಪರೇಷನ್ ಮಾಡುವ ಸಂಸ್ಥೆ. ಆಪರೇಷನ್ ಕೊನೆಗೆ ಕಣ್ಣೊಳಗೆ ಮಾಕ್ಸಿಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಬಿಡುವ ಕ್ರಮವನ್ನು ಅವರು ತಂದಮೇಲೆ, ಆರು ಲಕ್ಷಕ್ಕೂ ಹೆಚ್ಚು ಕಣ್ಣುಗಳ ದಾಖಲೆ ಇಟ್ಟು ನೋಡಿದರು. ಸೋಂಕು ಹತ್ತು ಸಾವಿರಕ್ಕೆ 7 ಇದ್ದದ್ದು 2ಕ್ಕೆ ಇಳಿದಿತ್ತು. ಅಂದರೆ ಜನ ಹೆಚ್ಚಾದದ್ದು, ಉಚಿತವಾದದ್ದು ತಪ್ಪಲ್ಲ. ಕ್ರಮ ತಪ್ಪಿದ್ದು ತಪ್ಪು. ಬಡವರ ಕಣ್ಣನ್ನೂ ಜೋಪಾನ ಮಾಡೋಕಾಗುತ್ತೆ ಅನ್ನೋದಕ್ಕೆ ಪಕ್ಕದ ರಾಜ್ಯದಲ್ಲೇ ಪುರಾವೆ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಮಡಿ ಅನ್ನುವ ಪದವನ್ನು ಕೇಳಿಕೊಂಡು ಬೆಳೆದವರು. ನಾನು ಚಿಕ್ಕವನಿದ್ದಾಗ ಗೌಡರ ಮನೆಯ ಕೆಲಸಕ್ಕೆ ಹೋದ ಅವ್ವನ ಬೊಗಸೆಗೆ ಮೇಲಿಂದ ನೀರು ಹುಯ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೀನಿ. ಮಡಿಯ ಲೆಕ್ಕದಲ್ಲಿ ಯಾವಾಗಲೂ ಎದುರಿಗಿರುವವನೇ ಮೈಲಿಗೆ. ತನ್ನ ಕೈ ಯಾವತ್ತೂ ಶುದ್ಧ. ಆದರೆ ಆಪರೇಷನ್ ಥಿಯೇಟರಿನ ಶುಚಿತ್ವ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಡಾಕ್ಟರು ಮೊದಲು ಅನುಮಾನ ಪಡಬೇಕಾದ್ದು ತನ್ನ ಕೈಯನ್ನೇ. ಎಷ್ಟೇ ದೊಡ್ಡ ಡಾಕ್ಟರಾಗಲಿ, ಯಾವ ಜಾತಿಯವರಾಗಲಿ, ಮೊಣಕೈವರೆಗೆ ಉಜ್ಜಿ ತೊಳೆದು ಗ್ಲೌಸ್ ಹಾಕದೆ ರೋಗಿಯ ಕಣ್ಣು ಮುಟ್ಟುವ ಹಾಗಿಲ್ಲ. ನನ್ನ ಕೈಯಿಂದ ಇವರಿಗೆ ಕೆಡುಕಾಗಬಾರದು ಅನ್ನುವ ಭಯ ಅದು. ಮಡಿಯಲ್ಲಿರೋದು ಅಸಹ್ಯ, ಇದರಲ್ಲಿರೋದು ಜವಾಬ್ದಾರಿ. "ನಿಮ್ಮ ಕಡೆ ಜನ ಕ್ಲೀನಾಗಿರಲ್ಲ" ಅಂದವರು ಡಾಕ್ಟರಿಕೆಯ ಕೋಟು ತೊಟ್ಟು ಮಡಿಯ ಮಾತಾಡಿದರು.

ಇದು ಹೊಸ ಕತೆಯೂ ಅಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಉಚಿತ ಹೆರಿಗೆಗೆ ಬರುತ್ತಿದ್ದ ಬಡ ಹೆಂಗಸರು ಬಾಣಂತಿ ಜ್ವರದಿಂದ ಸಾಯುತ್ತಿದ್ದರು. ಸೂಲಗಿತ್ತಿಯರ ವಾರ್ಡಿನಲ್ಲಿ ಸಾವು ಕಡಿಮೆ, ಡಾಕ್ಟರುಗಳ ವಾರ್ಡಿನಲ್ಲಿ ಹೆಚ್ಚು. ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡುವ ಡಾಕ್ಟರುಗಳೇ ಕಾರಣ ಅಂತ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ ಕಂಡುಹಿಡಿದ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಥಟ್ಟನೆ ಇಳಿಯಿತು. ಆದರೂ ಎಷ್ಟೋ ಹಿರಿಯ ಡಾಕ್ಟರುಗಳು ಒಪ್ಪಲಿಲ್ಲ. ತಮ್ಮ ಕೈಯಲ್ಲೇ ಕೊಳೆ ಇದೆ ಅನ್ನೋದನ್ನು ಒಪ್ಪೋದು ಅಷ್ಟು ಕಷ್ಟ.

ಹಾಗಂತ ನಮ್ಮ ಕಡೆಯ ಕೆಲಸ ಏನೂ ಇಲ್ಲ ಅಂತ ನಾನು ಹೇಳಲ್ಲ. ಇದೆ. ಕಣ್ಣಲ್ಲಿ ನೀರು ಸೋರುತ್ತಿದ್ದರೆ, ಬೆಳಿಗ್ಗೆ ಪಿಸುರು ಅಂಟುತ್ತಿದ್ದರೆ, ರೆಪ್ಪೆಯಲ್ಲಿ ಕುರು ಆಗಿದ್ದರೆ ಮುಚ್ಚಿಡಬೇಡಿ. "ಹೇಳಿದ್ರೆ ವಾಪಸ್ ಕಳಿಸ್ತಾರೆ" ಅಂತ ನಮ್ಮವ್ವನೂ ಮುಚ್ಚಿಟ್ಟಿದ್ದರು! ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತರಲೇಬೇಕು, ಸಕ್ಕರೆ ಹೆಚ್ಚಿದ್ದವರಿಗೆ ಸೋಂಕಿನ ಅಪಾಯ ಹೆಚ್ಚು. ಆಪರೇಷನ್ ಹಿಂದಿನ ದಿನ ತಲೆಗೆ ಸ್ನಾನ, ಆ ದಿನ ಬೆಳಿಗ್ಗೆ ಮುಖ ಚೆನ್ನಾಗಿ ತೊಳೆಯೋದು, ಕಾಡಿಗೆ ಹಚ್ಚದಿರೋದು. ಡಾಕ್ಟರು ತಾರೀಕು ಮುಂದೆ ಹಾಕಿದರೆ ನನ್ನ ಹಾಗೆ ಕೂಗಾಡಬೇಡಿ, ಕಾರಣ ಕೇಳಿ.

ಆದರೆ ಕೇಳೋದನ್ನು ಮಾತ್ರ ಬಿಡಬೇಡಿ. ನಾನು ಗುಮಾಸ್ತ. ಫೈಲಿನಲ್ಲಿ ಬರೆಯದೆ ಇದ್ದದ್ದು ನಡೆದೇ ಇಲ್ಲ ಅನ್ನೋದು ನಮ್ಮ ಆಫೀಸಿನ ಮೊದಲ ಪಾಠ. ಅದಕ್ಕೇ ಈ ಪ್ರಶ್ನೆಗಳನ್ನು ಬರಕೊಳ್ಳಿ, ಕೇರಿಗೆ ಶಿಬಿರದ ಬಸ್ಸು ಬಂದಾಗ ಹತ್ತುವ ಮುಂಚೆ ಕೇಳಿ:

1. ಆಪರೇಷನ್ ಎಲ್ಲಿ ಮಾಡ್ತೀರಿ? ಶಾಲೆ, ಛತ್ರ, ಸಮುದಾಯ ಭವನ ಅಂದರೆ ಬಸ್ಸು ಹತ್ತಲೇಬೇಡಿ. ಊರಿನಲ್ಲಿ ತಪಾಸಣೆ ಮಾಡಲಿ, ಆಪರೇಷನ್ ಸರಿಯಾದ ಥಿಯೇಟರ್ ಇರುವ ಆಸ್ಪತ್ರೆಯಲ್ಲೇ ಆಗಬೇಕು.

2. ಆಪರೇಷನ್‌ಗೆ ಮುಂಚೆ ಕಣ್ಣೀರಿನ ಚೀಲ, ಸಕ್ಕರೆ, ಬಿಪಿ ನೋಡ್ತೀರಾ?

3. ಕಣ್ಣಿಗೆ ಅಯೋಡಿನ್ ದ್ರಾವಣ ಹಾಕಿ ಮೂರು ನಿಮಿಷ ಬಿಡ್ತೀರಾ? ಅದನ್ನು ಕೇಸ್ ಶೀಟಿನಲ್ಲಿ ಬರೀತೀರಾ? (ಯಾರಿಗಾದರೂ ಅಯೋಡಿನ್ ಆಗಿಬರದಿದ್ದರೆ ಮೊದಲೇ ಹೇಳಿ, ಬೇರೆ ಔಷಧಿ ಇದೆ.)

4. ಪ್ರತಿ ರೋಗಿಗೂ ಬೇರೆ ಉಪಕರಣದ ಸೆಟ್ಟು ಇದೆಯಾ? ಒಳಗೆ ಬಿಡುವ ದ್ರವದ, ಲೆನ್ಸಿನ ಬ್ಯಾಚ್ ನಂಬರ್ ದಾಖಲಾಗುತ್ತಾ?

5. ರಾತ್ರಿ ನೋವು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಯಾರು ಬಂದು ಕರಕೊಂಡು ಹೋಗ್ತಾರೆ?

ಐದನೆಯದು ನಮ್ಮ ದೊಡ್ಡವ್ವನ ಪಾಲಿಗೆ ಇರಲಿಲ್ಲ. ಆಪರೇಷನ್ ಆದಮೇಲೆ ನೋವು ದಿನೇ ದಿನೇ ಕಡಿಮೆ ಆಗಬೇಕು, ನೋಟ ದಿನೇ ದಿನೇ ತಿಳಿಯಾಗಬೇಕು. ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ರೆಪ್ಪೆ ಊದಿದರೆ, ಕಾಣುತ್ತಿದ್ದದ್ದು ಮಸುಕಾದರೆ ಬೆಳಗಾಗಲಿ ಅಂತ ಕಾಯಬೇಡಿ. ಬೇಗ ಹೋದರೆ ಕಣ್ಣೊಳಗೆ ಆಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟು ಎಷ್ಟೋ ಸಲ ಉಳಿಸಬಹುದು. ಇದರಲ್ಲಿ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು.

ನಮ್ಮ ಸಂಘಟನೆಯ ಗೆಳೆಯರಿಗೆ ಇನ್ನೊಂದು ಮಾತು. ಆ ಥಿಯೇಟರಿನ ನೆಲ ಒರೆಸುವವರು, ರಕ್ತದ ಬಟ್ಟೆ ಒಯ್ಯುವವರು, ಉಪಕರಣ ತೊಳೆದು ಆಟೋಕ್ಲೇವಿಗೆ ಇಡುವವರು ಯಾರು? ಬಹಳ ಕಡೆ ನಮ್ಮವರೇ, ಅದೂ ಗುತ್ತಿಗೆಯಲ್ಲಿ. ಕಣ್ಣಿನ ಸೋಂಕು ತಡೆಯುವ ಕೆಲಸದ ಅರ್ಧ ಅವರ ಕೈಯಲ್ಲಿದೆ. ಅವರಿಗೆ ತರಬೇತಿ ಇಲ್ಲ, ಗ್ಲೌಸ್ ಇಲ್ಲ, ಸಂಬಳ ಮೂರು ತಿಂಗಳಿಗೊಮ್ಮೆ. ಅನಾಹುತ ಆದ ದಿನ ಮೊದಲು ಕೆಲಸದಿಂದ ತೆಗೆಯೋದೂ ಅವರನ್ನೇ. ರೋಗಿಯ ಕಣ್ಣಿನ ಪ್ರಶ್ನೆ ಮತ್ತು ಆ ಕಾರ್ಮಿಕರ ಸಂಬಳದ ಪ್ರಶ್ನೆ ಬೇರೆ ಬೇರೆ ಅಲ್ಲ.

ಪೊರೆ ಆಪರೇಷನ್‌ಗೆ ಹೆದರಿಸೋಕೆ ನಾನು ಇದನ್ನು ಬರೆದಿಲ್ಲ. ದಯವಿಟ್ಟು ಮಾಡಿಸಿ. ಸರಿಯಾಗಿ ಮಾಡಿದ ಕಡೆ ಸಾವಿರಕ್ಕೆ ಒಬ್ಬರಿಗೂ ಈ ಸೋಂಕು ಆಗಲ್ಲ. ಹೆದರಿ ಮನೆಯಲ್ಲೇ ಕೂತರೆ ಕತ್ತಲೆಯೇ ಗಟ್ಟಿ. ನಾನು ಕೇಳ್ತಿರೋದು ಒಂದೇ: ಉಚಿತ ಅನ್ನೋದು ಭಿಕ್ಷೆಯಲ್ಲ. ಸರ್ಕಾರ ಕೊಡೋದು ನಮ್ಮ ತೆರಿಗೆಯ ದುಡ್ಡು. ದಾನಿಗಳು ಕೊಟ್ಟರೂ ಅದಕ್ಕೆ ನಾವು ಕಣ್ಣನ್ನು ಬಡ್ಡಿಯಾಗಿ ಕೊಡಬೇಕಿಲ್ಲ.

ಅವ್ವನಿಗೆ ಮೊದಲು ಆ ಚೀಲದ ಚಿಕಿತ್ಸೆ ಆಯಿತು. ಅದು ವಾಸಿಯಾದ ಮೇಲೆ, ಹೋದ ವಾರ, ಪೊರೆ ಆಪರೇಷನ್ ಆಯಿತು. ಒಳಗೆ ಕರಕೊಂಡು ಹೋಗುವಾಗ ಸಿಸ್ಟರಿಗೆ ಮೆಲ್ಲಗೆ ಕೇಳಿದೆ, "ಸಿಸ್ಟರ್, ಅಯೋಡಿನ್ ಹಾಕಿ ಮೂರು ನಿಮಿಷ ಬಿಡ್ತೀರಲ್ವಾ?" ಅವರು ನಕ್ಕು, "ಗಡಿಯಾರ ನೋಡ್ಕೊಂಡೇ ಬಿಡ್ತೀವಿ ಅಣ್ಣ. ಕೇಳಿದ್ದು ಒಳ್ಳೇದಾಯ್ತು, ಯಾರೂ ಕೇಳಲ್ಲ" ಅಂದರು.

ಹೊರಗೆ ಬಂದಾಗ ಅವ್ವನ ಕೆನ್ನೆ ಮೇಲೆ, ಕಿವಿ ಪಕ್ಕ ಕಂದು ಬಣ್ಣದ ಕಲೆ ಉಳಿದಿತ್ತು. "ಇದೇನ್ಲಾ ಮಗ, ಮುಖದ ಮ್ಯಾಲೆ ಕಾಫಿ ಚೆಲ್ದಂಗಿದೆ" ಅಂತ ಒರೆಸಿಕೊಳ್ಳೋಕೆ ಹೋದರು. "ಇರ್ಲಿ ಬಿಡವ್ವ" ಅಂದೆ. ಪಟ್ಟಿ ಬಿಚ್ಚಿದ ಮೇಲೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ದೊಡ್ಡವ್ವನ ಕಡೆ ತಿರುಗಿ ಸುಮಾರು ಹೊತ್ತು ನೋಡಿದರು. ದೊಡ್ಡವ್ವ ಅವ್ವನ ಕೈ ಸವರಿ, "ನೋವೈತೇನೇ?" ಅಂತ ಕೇಳಿದರು.

ಅವರಿಗೆ ಬೇಕಾಗಿದ್ದದ್ದು ಆ ಒಂದೇ ಉತ್ತರ. ನೋವಿಲ್ಲ ಅಂತ ಅವ್ವ ತಲೆಯಾಡಿಸಿದರು.

ಈ ಪ್ರಶ್ನೆಗಳನ್ನು ನಿಮ್ಮ ನಿಮ್ಮ ಕೇರಿಯ ವಾಟ್ಸಾಪ್ ಗುಂಪಿಗೆ ಹಾಕಿ. ಓದೋಕೆ ಬಾರದವರಿಗೆ ಓದಿ ಹೇಳಿ.

ಜೈಭೀಮ್.